ಟ್ರಿಕ್ ಎಲ್ಲರದು, ಐಟಂ ಯಾರದು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಶಾಲಾ ವಾರ್ಷಿಕೋತ್ಸವ, ಕಂಪನಿಗಳ ಫ್ಯಾಮಿಲಿ ಡೇ, ಮಾಲ್‌ಗಳಲ್ಲಿ ಜಗ್ಲಿಂಗ್ ಶೋ ಕೊಡುತ್ತೇನೆ. ನನ್ನ ಮುಖ್ಯ ಐಟಂ ಏಳು ನಿಮಿಷದ್ದು. ಮೂರು ಚೆಂಡು, ಒಂದು ಹಳೇ ಸೂಟ್‌ಕೇಸು, ಮಾತೇ ಇಲ್ಲ. ಅದರಲ್ಲಿ ಸುಮಾರು ಅರ್ಧ ಭಾಗ ಯುರೋಪಿನ ಒಬ್ಬ ಕಲಾವಿದರ ವಿಡಿಯೊ ನೋಡಿ ಕಲಿತದ್ದು, ಸಂಗೀತವೂ ಅವರದ್ದೇ. ಉಳಿದದ್ದು ನಾನೇ ಕಟ್ಟಿದ್ದು. ಈಗ ನನ್ನ ಹತ್ತಿರ ಕಲಿತ ಹುಡುಗನೊಬ್ಬ ಸೂಟ್‌ಕೇಸ್ ಸಮೇತ ಇಡೀ ಐಟಂ ಎತ್ತಿಕೊಂಡು ಬೆಳಗಾವಿ ಕಡೆ ಶೋ ಕೊಡುತ್ತಿದ್ದಾನೆ. ಕೇಳಿದರೆ, "ನೀವೂ ನೋಡಿ ಕಲಿತದ್ದೇ ಅಲ್ವಾ ಸರ್" ಅಂದ. ನನಗೆ ಬಾಯಿ ಕಟ್ಟಿದಂತಾಯಿತು. ಜಗ್ಲಿಂಗ್‌ನಲ್ಲಿ ಸ್ವಂತದ್ದು ಅಂತ ಏನಾದರೂ ಇದೆಯಾ? ಕಾನೂನು ಏನು ಹೇಳುತ್ತದೆ? ನಾನೀಗ ಏನು ಮಾಡಲಿ?

ಉತ್ತರ: ಆ ಹುಡುಗನ ಮಾತು ನಿಮಗೆ ನಾಟಿದೆ, ಯಾಕೆಂದರೆ ಅದರಲ್ಲಿ ನಿಜ ಇದೆ. ಆದರೆ ಅವನು ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಬಿಟ್ಟಿದ್ದಾನೆ. ನೋಡಿ ಕಲಿಯುವುದು ಒಂದು. ನೋಡಿದ್ದನ್ನು ಹಾಗೆಹಾಗೇ ತಂದು ವೇದಿಕೆ ಮೇಲೆ ಇಡುವುದು ಇನ್ನೊಂದು. ಮೊದಲನೆಯದು ಇಲ್ಲದೆ ಜಗ್ಲಿಂಗೇ ಇಲ್ಲ. ಎರಡನೆಯದನ್ನು ಅವನೂ ಮಾಡಿದ್ದಾನೆ, ಸ್ವಲ್ಪ ಮಟ್ಟಿಗೆ ನೀವೂ ಮಾಡಿದ್ದೀರಿ. ಹಾಗಾಗಿ ನಿಮ್ಮ ಸಿಟ್ಟಿಗೆ ಕಾರಣ ಇದೆ. ಆದರೆ ಅವನ ಮನೆ ಬಾಗಿಲು ತಟ್ಟುವ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟ್ರಿಕ್ ವಿಷಯ. ಟ್ರಿಕ್ ಯಾರ ಆಸ್ತಿಯೂ ಅಲ್ಲ. ಈಜಿಪ್ಟಿನ ಬೆನಿ ಹಸನ್‌ನಲ್ಲಿ ಸುಮಾರು 4000 ವರ್ಷ ಹಳೆಯ ಸಮಾಧಿಯೊಂದರ ಗೋಡೆ ಮೇಲೆ ಚೆಂಡಾಡುವ ಹೆಂಗಸರ ಚಿತ್ರ ಇದೆ. ಅವರಲ್ಲಿ ಒಬ್ಬಳು ಕೈಗಳನ್ನು ಕತ್ತರಿಯಂತೆ ಅಡ್ಡ ಹಾಕಿಕೊಂಡಿದ್ದಾಳೆ. 1970ರ ದಶಕದಲ್ಲಿ ಅಮೆರಿಕದ ಸ್ಟೀವ್ ಮಿಲ್ಸ್ ಅವರ ಕೈಯಲ್ಲಿ, ಕೈ ಅಡ್ಡ ಹಾಕುತ್ತ ಬಿಡಿಸುತ್ತ ಮೂರು ಚೆಂಡು ತಿರುಗಿಸುವ ಒಂದು ಪ್ಯಾಟರ್ನ್ ಹೆಸರಾಯಿತು. ಅದನ್ನು ಇವತ್ತಿಗೂ ಮಿಲ್ಸ್ ಮೆಸ್ ಅಂತಲೇ ಕರೆಯುತ್ತಾರೆ. ಕ್ಯಾಸ್ಕೇಡ್, ಅಂದರೆ ಮೂರು ಚೆಂಡಿನ ಮೊದಲ ಪಾಠ, ಕಲಿತ ಪ್ರತಿಯೊಬ್ಬರೂ ಮುಂದೊಂದು ದಿನ ಅದಕ್ಕೆ ಕೈ ಹಾಕುತ್ತಾರೆ. ಯಾರೂ ಮಿಲ್ಸ್ ಅವರ ಅನುಮತಿ ಕೇಳುವುದಿಲ್ಲ, ಅವರಿಗೆ ದುಡ್ಡು ಕೊಡುವುದಿಲ್ಲ. ಆದರೆ ಹೆಸರು ಉಳಿದಿದೆ. ರೂಬೆನ್‌ಸ್ಟೈನ್ಸ್ ರಿವೆಂಜ್, ಬರ್ಕ್ಸ್ ಬರಾಜ್ ಇವೂ ಹಾಗೇ, ಮಾಡಿದವರ ಹೆಸರು ಹೊತ್ತುಕೊಂಡು ಊರೂರು ತಿರುಗುತ್ತಿವೆ. ಇದು ಜಗ್ಲರ್‌ಗಳ ನಡುವಿನ ಒಂದು ಒಳ್ಳೆಯ ರೂಢಿ. ತಗೊಳ್ಳಿ, ಆದರೆ ಯಾರದೆಂದು ಹೇಳಿ.

ಇನ್ನೂ ಒಂದು ಕಾರಣಕ್ಕೆ ಟ್ರಿಕ್ ಯಾರದೂ ಆಗಲಾರದು. 1980ರ ದಶಕದಲ್ಲಿ ಅಮೆರಿಕದ ಸಾಂಟಾ ಕ್ರೂಜ್, ಕ್ಯಾಲ್‌ಟೆಕ್ ಮತ್ತು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬೇರೆ ಬೇರೆ ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಎಸೆತಗಳನ್ನು ಅಂಕಿಗಳಲ್ಲಿ ಬರೆಯುವ ಒಂದೇ ಪದ್ಧತಿಯನ್ನು ಕಂಡುಹಿಡಿದರು. ಅದಕ್ಕೆ ಸೈಟ್‌ಸ್ವಾಪ್ ಅಂತ ಹೆಸರು. ಎಸೆದ ಚೆಂಡನ್ನು ಎಷ್ಟು ತಾಳದ ನಂತರ ಮತ್ತೆ ಎಸೆಯುತ್ತೀರಿ ಅನ್ನುವುದೇ ಆ ಅಂಕಿ. ಅಂಕಿಗಳ ಸರಾಸರಿ ತೆಗೆದರೆ ಎಷ್ಟು ಚೆಂಡು ಬೇಕು ಅಂತ ಗೊತ್ತಾಗುತ್ತದೆ. 441 ಅಂದರೆ ಒಟ್ಟು 9, ಮೂರರಿಂದ ಭಾಗಿಸಿದರೆ 3, ಮೂರು ಚೆಂಡು. 531 ಕೂಡ ಹಾಗೇ. ಈಗ 423 ತಗೊಳ್ಳಿ, ಅದನ್ನು ಸಲೀಸಾಗಿ ಆಡಬಹುದು. ಅದೇ ಅಂಕಿಗಳನ್ನು 432 ಅಂತ ಬರೆಯಿರಿ. ಸರಾಸರಿ ಮೂರೇ, ಆದರೆ ಆಡಲು ಆಗುವುದಿಲ್ಲ, ಯಾಕೆಂದರೆ ಮೂರೂ ಚೆಂಡು ಒಂದೇ ತಾಳಕ್ಕೆ ಒಂದೇ ಕೈಗೆ ಬಂದು ಬೀಳುತ್ತವೆ. ಅಂದರೆ ಯಾವ ಪ್ಯಾಟರ್ನ್ ಸಾಧ್ಯ, ಯಾವುದು ಅಸಾಧ್ಯ ಅನ್ನುವುದು ಲೆಕ್ಕದಲ್ಲೇ ಇದೆ. ಕೂತು ಲೆಕ್ಕ ಹಾಕಿದರೆ ನೀವೂ ತೆಗೆಯಬಹುದು, ನಾನೂ ತೆಗೆಯಬಹುದು. ಮೊದಲು ತೆಗೆದವರಿಗೆ ಗೌರವ ಸಲ್ಲಬೇಕು, ಬೇಲಿ ಹಾಕುವ ಹಕ್ಕು ಅಲ್ಲ.

ಹಾಗಾದರೆ ಸ್ವಂತದ್ದು ಎಲ್ಲಿರುತ್ತದೆ? ನನ್ನ ಪ್ರಕಾರ ತೀರ್ಮಾನಗಳಲ್ಲಿ. ಯಾವ ಎಸೆತದ ನಂತರ ಯಾವುದು, ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿದಾಗ ಕಣ್ಣು ಚೆಂಡಿನ ಮೇಲೋ ಜನರ ಮೇಲೋ, ಚೆಂಡು ಸೂಟ್‌ಕೇಸಿನಿಂದ ಮೂರನೇ ಸಲ ಹೊರಗೆ ಬಂದಾಗ ಸಿಟ್ಟಾಗಬೇಕೋ ಸುಮ್ನೆ ನೋಡುತ್ತ ನಿಲ್ಲಬೇಕೋ, ಸಂಗೀತ ಎಲ್ಲಿ ನಿಲ್ಲಬೇಕು. ಏಳು ನಿಮಿಷದ ಐಟಂ ಅಂದರೆ ಇಂಥ ನೂರಾರು ತೀರ್ಮಾನ. ಒಂದೊಂದರ ಹಿಂದೆಯೂ ಕೈಕೊಟ್ಟ ಶೋಗಳು, ನಗದ ಜನ, ರಾತ್ರಿ ಕೂತು ಬದಲಾಯಿಸಿದ ಸಾಲು ಇರುತ್ತವೆ. ಬೇರೆಯವರ ಐಟಂ ಎತ್ತಿದಾಗ ನೀವು ತಗೊಳ್ಳುವುದು ಟ್ರಿಕ್ ಅಲ್ಲ, ಆ ತೀರ್ಮಾನಗಳನ್ನು. ಅವರು ಕಷ್ಟಪಟ್ಟು ಕಂಡುಕೊಂಡ ಉತ್ತರವನ್ನು ನೀವು ಪ್ರಶ್ನೆಯನ್ನೇ ಎದುರಿಸದೆ ಬಳಸುತ್ತಿದ್ದೀರಿ.

ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಪ್ರಸಂಗ ಎಲ್ಲ ಮೇಳಕ್ಕೂ ಸೇರಿದ್ದು. ಪದ್ಯ ಅದೇ, ಕೃಷ್ಣ ಅದೇ, ಕೌರವ ಅದೇ. ಆದರೆ ಭಾಗವತರು ಪದ್ಯ ಹಾಡಿದ ಮೇಲೆ ಕಲಾವಿದ ಹೇಳುವ ಅರ್ಥ ಅವನದು. ಇನ್ನೊಬ್ಬರ ಅರ್ಥಗಾರಿಕೆಯನ್ನು ಶಬ್ದ ಬಿಡದೆ ಒಪ್ಪಿಸಿದರೆ ಚೌಕಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಬಯಲಿನಲ್ಲಿ ಕೂತ ಹಿರಿಯರಿಗೂ ಗೊತ್ತಾಗುತ್ತದೆ. ನಿಮ್ಮ ಮಿಲ್ಸ್ ಮೆಸ್ ಪದ್ಯ. ಸೂಟ್‌ಕೇಸ್ ಜತೆಗಿನ ನಿಮ್ಮ ಜಗಳ ಅರ್ಥಗಾರಿಕೆ.

ದೊಡ್ಡವರೂ ಇಲ್ಲಿಂದಲೇ ಶುರು ಮಾಡಿದ್ದಾರೆ ಅನ್ನುವುದನ್ನೂ ಹೇಳಬೇಕು. ಹಾಲಿವುಡ್ ಹಾಸ್ಯನಟ ಡಬ್ಲ್ಯು. ಸಿ. ಫೀಲ್ಡ್ಸ್ ಸಿನಿಮಾಕ್ಕೆ ಬರುವ ಮೊದಲು ಜಗ್ಲರ್ ಆಗಿದ್ದರು. ಹರಕು ಕೋಟಿನ ಅಲೆಮಾರಿಯ ವೇಷ, ಸಿಗಾರ್ ಡಬ್ಬಿಗಳ ಆಟ ಎರಡನ್ನೂ ಅವರು ಹ್ಯಾರಿಗನ್ ಎಂಬ ತಮಗಿಂತ ಹಿರಿಯ ಜಗ್ಲರ್‌ನಿಂದ ಎತ್ತಿಕೊಂಡಿದ್ದರು. ಆಮೇಲೆ ಅದಕ್ಕೆ ತಮ್ಮ ಗೊಣಗಾಟ, ಬೇಕಂತಲೇ ತಪ್ಪಿಸಿ ಕೊನೆ ಗಳಿಗೆಯಲ್ಲಿ ಹಿಡಿಯುವ ಚಾಲಾಕಿತನ ಎಲ್ಲ ಸೇರಿ ಅದು ಅವರದ್ದೇ ಆಯಿತು. ಇಟಲಿಯ ಎನ್ರಿಕೊ ರಾಸ್ತೆಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ. ಅವರು ಹುಟ್ಟಿದ್ದು 1896ರಲ್ಲಿ ರಷ್ಯಾದ ಸಮಾರಾದಲ್ಲಿ, ಸರ್ಕಸ್ ಕುಟುಂಬದಲ್ಲಿ. ಕೋಲು ಮತ್ತು ಚೆಂಡಿನ ಆಟವನ್ನು ಅವರು ತಕಾಶಿಮಾ ಎಂಬ ಜಪಾನಿ ಕಲಾವಿದರನ್ನು ನೋಡಿ ಕಲಿತರು. ಮೊದಮೊದಲು ಜಪಾನಿ ಉಡುಗೆಯನ್ನೂ ಹಾಕುತ್ತಿದ್ದರು. ಆದರೆ ಅಲ್ಲೇ ನಿಲ್ಲಲಿಲ್ಲ. ಕಾಲ್ಚೆಂಡಿನ ಗಾತ್ರದ ರಬ್ಬರ್ ಚೆಂಡುಗಳನ್ನು ತಲೆ, ಹೆಗಲು, ಮಂಡಿ ಮೇಲೆ ಆಡಿಸುತ್ತ ತಮ್ಮದೇ ಒಂದು ಆಟ ಕಟ್ಟಿದರು. 1931ರಲ್ಲಿ 34ನೇ ವಯಸ್ಸಿಗೆ ತೀರಿಕೊಂಡರು. ಆಮೇಲೆ ಯುರೋಪಿನ ತುಂಬ ರಾಸ್ತೆಲ್ಲಿಯ ನಕಲುಗಳು ಹುಟ್ಟಿಕೊಂಡವು, ಅವರಲ್ಲಿ ಹೆಚ್ಚಿನವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ತಕಾಶಿಮಾರಿಂದ ತಗೊಂಡ ರಾಸ್ತೆಲ್ಲಿಗೂ, ರಾಸ್ತೆಲ್ಲಿಯಿಂದ ತಗೊಂಡವರಿಗೂ ಇರುವ ವ್ಯತ್ಯಾಸ ಅಷ್ಟೇ. ಅವರು ಮುಂದೆ ಹೋದರು, ಇವರು ಹೋಗಲಿಲ್ಲ.

"ಯುರೋಪಿನವರು ನಮ್ಮಿಂದ ಕದ್ದಿಲ್ವಾ?" ಅಂತ ಕೆಲವು ಗೆಳೆಯರು ಕೇಳುತ್ತಾರೆ. ನಿಜ, 19ನೇ ಶತಮಾನದ ಆರಂಭದಲ್ಲಿ ಮದರಾಸಿನ ಕಡೆಯಿಂದ ಲಂಡನ್ನಿಗೆ ಹೋದ ರಾಮೋ ಸಾಮಿ, ಅಂದರೆ ರಾಮಸ್ವಾಮಿ, ಅಲ್ಲಿ ಮನೆಮಾತಾಗಿದ್ದರು. ಆ ಕಾಲದ ಭಾರತೀಯ ಜಗ್ಲರ್‌ಗಳು ನೆಲದ ಮೇಲೆ ಕೂತು ನಾಲ್ಕು ಹಿತ್ತಾಳೆ ಚೆಂಡು ಆಡಿಸುವುದನ್ನು ನೋಡಿ ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 1821ರಲ್ಲಿ ಬೆರಗಾಗಿ ಬರೆದರು. ಆ ಜಗ್ಲರ್‌ಗಳ ಆಟಗಳನ್ನು ಇಂಗ್ಲೆಂಡಿನವರು ಧಾರಾಳವಾಗಿ ನಕಲು ಮಾಡಿದರು. ರಾಮೋ ಸಾಮಿ 1850ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹಣವಿಲ್ಲದೆ ಹೆಂಡತಿ ಪತ್ರಿಕೆಯಲ್ಲಿ ಸಹಾಯ ಕೇಳಬೇಕಾಯಿತು. ನನಗೆ ಈ ಕಥೆ ನೆನೆದಾಗಲೆಲ್ಲ ಸಂಕಟ ಆಗುತ್ತದೆ. ಆದರೆ ಅವತ್ತು ಆದ ಅನ್ಯಾಯದ ಬಾಕಿಯನ್ನು, ಇವತ್ತು ಯಾವುದೋ ಬೀದಿಯಲ್ಲಿ ಟೋಪಿ ಇಟ್ಟು ಆಡುವ ಒಬ್ಬ ಕಲಾವಿದನಿಂದ ವಸೂಲಿ ಮಾಡಲು ಆಗುವುದಿಲ್ಲ.

ನಿಮ್ಮ ಪ್ರಶ್ನೆಗೆ ಹತ್ತಿರದ ಕಥೆ ಮೈಕೆಲ್ ಮೋಶೆನ್ ಅವರದು. ಅಮೆರಿಕದವರು. ಪಾರದರ್ಶಕ ಚೆಂಡುಗಳನ್ನು ಎಸೆಯದೆ, ಬೆರಳು, ಅಂಗೈ, ಮುಂಗೈ ಮೇಲೆ ಹರಿಸುವ ಆಟವನ್ನು ಎತ್ತರಕ್ಕೆ ಒಯ್ದರು. 1986ರ ಒಂದು ಹಾಲಿವುಡ್ ಚಿತ್ರದಲ್ಲಿ ಗಾಯಕ ಡೇವಿಡ್ ಬೋವಿಯವರ ಪಾತ್ರ ಗಾಜಿನ ಚೆಂಡು ಆಡಿಸುವ ದೃಶ್ಯ ಇದೆ. ಆ ಕೈ ಬೋವಿಯವರದಲ್ಲ. ಮೋಶೆನ್, ಬೋವಿಯವರ ಬೆನ್ನ ಹಿಂದೆ ಬಗ್ಗಿ ಕೂತು, ಚೆಂಡು ಕಣ್ಣಿಗೆ ಕಾಣದೆ, ಬರೀ ಸ್ಪರ್ಶದ ಮೇಲೆ ಆಡಿಸಿದ್ದರು. 1990ರಲ್ಲಿ ಮೋಶೆನ್‌ಗೆ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಸುಮಾರು ಅದೇ ಹೊತ್ತಿಗೆ ಜೇಮ್ಸ್ ಅರ್ನೆಸ್ಟ್ ಎಂಬುವರು ಈ ಆಟಕ್ಕೆ ಕಾಂಟ್ಯಾಕ್ಟ್ ಜಗ್ಲಿಂಗ್ ಅಂತ ಹೆಸರಿಟ್ಟು ಕಲಿಸುವ ಪುಸ್ತಕ ಬರೆದರು. ಮೋಶೆನ್‌ಗೆ ಇದು ಹಿಡಿಸಲಿಲ್ಲ. ಜಗ್ಲರ್‌ಗಳಲ್ಲಿ ಎರಡು ಪಂಗಡ ಆಯಿತು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಚೆಂಡು ಕೈ ಮೇಲೆ ಹರಿಯುವುದನ್ನು ಯಾರೂ ತಡೆದು ಇಟ್ಟುಕೊಳ್ಳಲಾಗದು. ಅದು ಹೊರಗೆ ಬಂದ ಮೇಲೆ ಎಲ್ಲರ ಭಾಷೆ ಆಗಿಯೇ ಆಗುತ್ತದೆ. ಆದರೆ ಮೋಶೆನ್ ಅವರದೇ ಇನ್ನೊಂದು ಐಟಂ ಇದೆ. ಆಳೆತ್ತರ ಮೀರಿದ ಒಂದು ತ್ರಿಕೋನದ ಒಳಗೆ ನಿಂತು, ಅದರ ಬದಿಗಳಿಗೆ ಚೆಂಡು ಬಡಿಯುತ್ತ ತಾಳ ಹುಟ್ಟಿಸುವುದು. ಚೆಂಡು ಒಂದು ಬದಿಗೆ ತಾಗಿ ಇನ್ನೊಂದಕ್ಕೆ ಹಾರಿ ಮತ್ತೆ ಕೈಗೆ ಬರುತ್ತದೆ, ಪ್ರತಿ ಬಡಿತವೂ ಒಂದು ಸ್ವರ. ಆ ತ್ರಿಕೋನವನ್ನು ಬಡಗಿ ಕೈಯಲ್ಲಿ ಮಾಡಿಸಿಕೊಂಡು ಅದೇ ತಾಳ ನುಡಿಸಿದ ಜಗ್ಲರ್‌ಗಳೂ ಬಂದರು. ಅದು ಕಲಿಕೆ ಅಲ್ಲ. ಅಲ್ಲಿ ಉಪಕರಣ, ತಾಳ, ದೃಶ್ಯ ಮೂರೂ ಒಬ್ಬರ ತಲೆಯಿಂದ ಬಂದವು, ಮೂರೂ ಒಟ್ಟಿಗೇ ಹೋದವು. ಇದಕ್ಕೆ ಎದುರಾಗಿ ಗ್ರೆಗ್ ಕೆನಡಿಯವರನ್ನು ನೋಡಿ. ಓದಿದ್ದು ಎಂಜಿನಿಯರಿಂಗ್. ತಾವೇ ಒಂದು ದೊಡ್ಡ ಪಾರದರ್ಶಕ ಶಂಕು ಕಟ್ಟಿ, ಅದರ ಒಳಗೆ ನಿಂತು, ಗೋಡೆ ಮೇಲೆ ಚೆಂಡುಗಳು ಸುತ್ತುತ್ತ ಏರಿ ಇಳಿಯುವಂತೆ ಮಾಡಿದರು. ಅದನ್ನು ಕೆನಡಾದ ಹೆಸರಾಂತ ಸರ್ಕಸ್ ಕಂಪನಿ ಸಿರ್ಕ್ ದು ಸೊಲೇಯ ವೇದಿಕೆಗೂ ತಂದರು. ಚೆಂಡನ್ನು ಗಾಳಿಗೆ ಎಸೆಯುವ ಬದಲು ಒಂದು ಆಕಾರದ ಜತೆ ಆಡಿಸುವುದು ಅನ್ನುವ ಯೋಚನೆ ಇಬ್ಬರಲ್ಲೂ ಇದೆ. ಐಟಂಗಳು ಮಾತ್ರ ಪೂರಾ ಬೇರೆ.

ಈಗ ಕಾನೂನು. ನಮ್ಮ ದೇಶದ ಕಾಯ್ದೆ ಜಗ್ಲರ್‌ನನ್ನು ಹೆಸರಿಟ್ಟೇ ಕರೆಯುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶಕ ಅಂದರೆ ಯಾರು ಅಂತ ಹೇಳುವಾಗ ನಟ, ಗಾಯಕ, ನರ್ತಕರ ಸಾಲಿನಲ್ಲೇ ದೊಂಬರಾಟದವರು, ಜಗ್ಲರ್, ಜಾದೂಗಾರ, ಹಾವಾಡಿಗ ಎಲ್ಲರೂ ಇದ್ದಾರೆ. ಆದರೆ ಈ ಹಕ್ಕಿನ ವ್ಯಾಪ್ತಿ ಸರಿಯಾಗಿ ತಿಳಿದುಕೊಳ್ಳಿ. ನೀವು ಮಾಡಿದ ಪ್ರದರ್ಶನವನ್ನು ನಿಮ್ಮ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚುವುದನ್ನು ಅದು ತಡೆಯುತ್ತದೆ, 50 ವರ್ಷದವರೆಗೆ. 2012ರ ತಿದ್ದುಪಡಿಯ ನಂತರ ನಿಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಇದೆ. ಇನ್ನೊಬ್ಬ ತನ್ನ ಕೈಯಿಂದಲೇ ಅದೇ ಆಟ ಆಡಿದರೆ ಈ ಹಕ್ಕು ಅವನನ್ನು ಮುಟ್ಟುವುದಿಲ್ಲ.

ಅದಕ್ಕೆ ಬೇರೆ ಬಾಗಿಲು ಇದೆ. ಅದೇ ಕಾಯ್ದೆಯಲ್ಲಿ ನಾಟಕ ಕೃತಿ ಎಂಬ ಮಾತಿನೊಳಗೆ ನೃತ್ಯ ಸಂಯೋಜನೆ, ಮೂಕಾಭಿನಯ ಎರಡೂ ಸೇರುತ್ತವೆ. ಷರತ್ತು ಒಂದೇ, ಅದು ಬರಹದಲ್ಲೋ ಇನ್ನಾವುದೋ ರೂಪದಲ್ಲೋ ದಾಖಲಾಗಿರಬೇಕು. ನಿಮ್ಮದು ಮಾತಿಲ್ಲದ, ಕಥೆ ಇರುವ ಐಟಂ. ಅದನ್ನು ಮೂಕಾಭಿನಯ ಅಂತ ವಾದಿಸಲು ಜಾಗ ಇದೆ. ಅಮೆರಿಕದಲ್ಲಿ ಜಾದೂಗಾರ ಟೆಲ್ಲರ್ ಹೀಗೇ ಗೆದ್ದರು. ಅವರ ಒಂದು ಐಟಂನಲ್ಲಿ ಹೂದಾನಿಯಲ್ಲಿ ಒಂದು ಗುಲಾಬಿ, ಹಿಂದೆ ಪರದೆ ಮೇಲೆ ಅದರ ನೆರಳು. ಅವರು ಚಾಕುವಿನಿಂದ ನೆರಳನ್ನು ಕತ್ತರಿಸುತ್ತಾರೆ, ಈ ಕಡೆ ನಿಜವಾದ ಎಸಳು ಉದುರುತ್ತದೆ. 1983ರಲ್ಲೇ ಅದನ್ನು ನೋಂದಾಯಿಸಿದ್ದರು. ಇನ್ನೊಬ್ಬ ಜಾದೂಗಾರರು ಅದರಂತೆಯೇ ಮಾಡಿ ವಿಡಿಯೊ ಹಾಕಿದಾಗ ಟೆಲ್ಲರ್ ಕೋರ್ಟಿಗೆ ಹೋದರು, 2014ರಲ್ಲಿ ತೀರ್ಪು ಅವರ ಪರ ಬಂತು. ಜಾದೂ ಟ್ರಿಕ್‌ಗೆ ಕಾಪಿರೈಟ್ ಇಲ್ಲ, ಆದರೆ ಆ ಟ್ರಿಕ್ ಇರುವ ಮೂಕ ನಾಟಕಕ್ಕೆ ಇದೆ ಅಂತ ಕೋರ್ಟ್ ಹೇಳಿತು. ಒಳಗಿನ ಗುಟ್ಟು ಬೇರೆ ಇದ್ದರೂ ಪರವಾಗಿಲ್ಲ, ಪ್ರೇಕ್ಷಕನ ಕಣ್ಣಿಗೆ ಕಾಣುವುದು ಅದೇ ತಾನೇ ಅಂತಲೂ ಹೇಳಿತು. ಮರುವರ್ಷ, 2015ರಲ್ಲಿ, ಅಲ್ಲಿನ ಇನ್ನೊಂದು ಕೋರ್ಟ್ ಬಿಕ್ರಮ್ ಚೌಧರಿಯವರ 26 ಆಸನಗಳ ಯೋಗಕ್ರಮಕ್ಕೆ ಕಾಪಿರೈಟ್ ಇಲ್ಲ ಅಂದಿತು. ಬರೀ ಕ್ರಮ ಇದ್ದರೆ ಸಾಲದು, ಅದು ಏನನ್ನೋ ಅಭಿನಯಿಸಿ ಹೇಳಬೇಕು ಅಂತ ನಾನು ಇವೆರಡನ್ನೂ ಸೇರಿಸಿ ಓದುತ್ತೇನೆ. ಇವು ಅಮೆರಿಕದ ತೀರ್ಪುಗಳು, ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆ ಮೆಟ್ಟಿಲು ಹತ್ತುವುದಾದರೆ ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ. ಹುಡುಗನ ಶೋ ಒಂದಕ್ಕೆ ಸಿಗುವ ದುಡ್ಡಿಗಿಂತ ಕೇಸಿನ ಖರ್ಚು ಜಾಸ್ತಿ ಆಗುತ್ತದೆ.

ಇನ್ನೊಂದು ಮಾತು. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ ಕಾರಣ ವಿದೇಶಿ ಕಲಾವಿದರ ಕೃತಿಗೂ ಇಲ್ಲಿ ರಕ್ಷಣೆ ಇದೆ. ಅಂದರೆ ಹುಡುಗನಿಗೆ ತೋರಿಸಲು ನೀವು ಎತ್ತುವ ಕಾಯ್ದೆ ಆ ಯುರೋಪಿನ ಕಲಾವಿದರ ಕೈಗೂ ಸಿಗುತ್ತದೆ. ನಾನು ಮೇಲೆ ಹೇಳಿದ ಕೆಲಸ ಇದೇ. ಮೊದಲು ನಿಮ್ಮ ಐಟಂ ಅನ್ನು ಪೂರ್ತಿ ನಿಮ್ಮದಾಗಿಸಿ.

ಇದನ್ನು ಹೇಗೆ ಮಾಡುವುದು ಅಂತ ಕೇಳುತ್ತೀರಿ. ಆ ವಿಡಿಯೊ ಮತ್ತೆ ನೋಡಬೇಡಿ. ಎರವಲು ತಂದ ಭಾಗ ನಿಮ್ಮ ಐಟಂನಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಒಂದು ಸಾಲಿನಲ್ಲಿ ಬರೆಯಿರಿ. ಚೆಂಡು ಪೆಟ್ಟಿಗೆಯೊಳಗೆ ಕೂರಲು ಒಪ್ಪುವುದಿಲ್ಲ, ಮನುಷ್ಯ ಸೋಲುತ್ತಾನೆ, ಅಷ್ಟೇ ಇರಬಹುದು. ಆ ಕೆಲಸ ಯಾರ ಸ್ವತ್ತೂ ಅಲ್ಲ. ಅದನ್ನು ಮಾಡಿಸುವ ವಸ್ತು ಬದಲಾಯಿಸಿ. ಉದಾಹರಣೆಗೆ ನಮ್ಮ ಸ್ಟೀಲ್ ಊಟದ ಕ್ಯಾರಿಯರ್ ತಗೊಳ್ಳಿ. ಡಬ್ಬಿಗಳನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಡಿ. ಬೀನ್‌ಬ್ಯಾಗ್, ಅಂದರೆ ಕಾಳು ತುಂಬಿದ ಮೆತ್ತನೆ ಚೆಂಡು, ಹಾಕಿದರೆ ದಪ್ ಅಂತ ಒಳಗೇ ಕೂರುತ್ತದೆ. ಪುಟಿಯುವ ರಬ್ಬರ್ ಚೆಂಡು ಹಾಕಿದರೆ ಠಣ್ ಅಂದು ಹೊರಗೆ ಹಾರುತ್ತದೆ. ನಿಮಗೆ ಬೇಕಾದ ಹಟಮಾರಿ ಚೆಂಡು ಅಲ್ಲೇ ಸಿಕ್ಕಿತು, ನಟಿಸುವುದೇ ಬೇಡ. ಈಗ 531 ಆಡುತ್ತ ಆ 5ನ್ನು ಹಿಡಿಯದೆ ಡಬ್ಬಿಗೆ ಬಿಡಿ. ಎತ್ತರದಿಂದ ಬೀಳುವುದರಿಂದ ಸದ್ದು ದೊಡ್ಡದು, ಪುಟಿತವೂ ದೊಡ್ಡದು. 441ರ 4 ಅದಕ್ಕಿಂತ ತಗ್ಗು. ದೊಡ್ಡ ಡಬ್ಬಿ, ಸಣ್ಣ ಡಬ್ಬಿಯ ಸ್ವರ ಬೇರೆ. ಒಂದು ವಾರ ಇದರ ಜತೆ ಕೂತರೆ, ಆ ಯುರೋಪಿನವರ ತಲೆಗೆ ಹೊಳೆಯಲು ಸಾಧ್ಯವೇ ಇರದ ತೀರ್ಮಾನಗಳು ನಿಮಗೆ ಹೊಳೆಯುತ್ತವೆ, ಯಾಕೆಂದರೆ ಅವರ ಮುಂದೆ ಈ ಡಬ್ಬಿ ಇರಲಿಲ್ಲ. ಕ್ಯಾರಿಯರ್ರೇ ಆಗಬೇಕಂತಿಲ್ಲ. ನಿಮ್ಮ ಮನೆಯಲ್ಲಿ ಏನಿದೆ ನೋಡಿ.

ಸಂಗೀತವನ್ನು ಮಾತ್ರ ಇವತ್ತೇ ಬದಲಾಯಿಸಿ. ಅದೇ ರಾಗಕ್ಕೆ ಅಭ್ಯಾಸ ಮಾಡಿದಷ್ಟು ದಿನ ನಿಮ್ಮ ಮೈ ಅವರ ಐಟಂನ ಅಳತೆಗೇ ಓಡುತ್ತದೆ. ಸಂಗೀತ ಇಲ್ಲದೆ ಬರೀ ತಮಟೆಯೋ ಡೋಲಕ್ಕೋ ಇಟ್ಟು ಒಮ್ಮೆ ಆಡಿ ನೋಡಿ, ಎಲ್ಲಿ ನಿಲ್ಲುತ್ತಿದ್ದಿರೋ ಅಲ್ಲಿ ನಿಲ್ಲಬೇಕು ಅನ್ನಿಸುವುದೇ ಇಲ್ಲ.

ಇದೆಲ್ಲ ಆಗುವಾಗ ಐಟಂ ಅನ್ನು ಬರೆದಿಡಿ. ಯಾವ ಎಸೆತ, ಯಾವ ನೋಟ, ಎಲ್ಲಿ ನಿಲುಗಡೆ ಎಲ್ಲ. ತಾರೀಖು ಹಾಕಿ. ಮೊಬೈಲ್ ಸ್ಟ್ಯಾಂಡಿಗೆ ಹಾಕಿ ಒಂದೇ ಶಾಟ್‌ನಲ್ಲಿ ಪೂರ್ತಿ ವಿಡಿಯೊ ತೆಗೆದಿಡಿ. ನಮ್ಮಲ್ಲಿ ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಆದರೆ ನಾಳೆ ಮಾತು ಬಂದರೆ ಈ ದಾಖಲೆಗಳು ನಿಮ್ಮ ಜತೆ ನಿಲ್ಲುತ್ತವೆ.

ಆಮೇಲೆ ಹುಡುಗನನ್ನು ಕರೆಯಿರಿ. ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿ ಬೈಯಬೇಡಿ, ಆಯೋಜಕರಿಗೆ ಫೋನ್ ಮಾಡಿ ಅವನ ಶೋ ನಿಲ್ಲಿಸಲೂ ಹೋಗಬೇಡಿ. ಅವನು ನಿಮ್ಮ ಶಿಷ್ಯ, ಹೊಟ್ಟೆಪಾಡಿಗೆ ಆಡುತ್ತಿದ್ದಾನೆ. "ನೀನು ಹೇಳಿದ್ದು ಸರಿ ಕಣೋ, ನಾನು ಅರ್ಧ ಎತ್ತಿದ್ದೆ, ಅದನ್ನು ಕೈಬಿಟ್ಟೆ. ನೀನು ನನ್ನದನ್ನು ಬಿಡು" ಅಂತ ಹೇಳಿ. ಅವನಿಗೆ ಸಮಯ ಕೊಡಿ, ಎರಡು ಮೂರು ತಿಂಗಳಾದರೂ ಬೇಕು. ಹೊಸ ಐಟಂ ಕಟ್ಟಲು ನೀವೇ ಜತೆಗೆ ಕೂರಿ. ನೀವು ಅವನಿಗೆ ಟ್ರಿಕ್ ಕಲಿಸಿದ್ದೀರಿ, ಐಟಂ ಕಟ್ಟುವುದು ಹೇಗೆ ಅಂತ ಕಲಿಸಿಲ್ಲ ಅನ್ನಿಸುತ್ತದೆ. ನಮ್ಮಲ್ಲಿ ಬಹಳ ಜನ ಕಲಿಸುವುದಿಲ್ಲ, ನಕಲು ಹುಟ್ಟುವುದಕ್ಕೆ ಇದೇ ದೊಡ್ಡ ಕಾರಣ. ಅಷ್ಟಾದರೂ ಅವನು ಕೇಳದಿದ್ದರೆ ಬರಹದಲ್ಲಿ ಒಂದು ನೋಟಿಸು ಕೊಡಿ. ಆಗ ಕೊಡುವ ನೋಟಿಸಿಗೆ ತೂಕ ಇರುತ್ತದೆ.

ಯುರೋಪಿನ ಆ ಕಲಾವಿದರಿಗೂ ಒಂದು ಇಮೇಲ್ ಬರೆಯಿರಿ. ಉದ್ದ ಬೇಡ. ನಿಮ್ಮ ಐಟಂ ನೋಡಿ ಕಲಿತೆ, ಇಷ್ಟು ದಿನ ಈ ಭಾಗ ಆಡುತ್ತಿದ್ದೆ, ಈಗ ಬಿಟ್ಟಿದ್ದೇನೆ, ಹೊಸದಾಗಿ ಇದು ಕಟ್ಟಿದ್ದೇನೆ ಅಂತ ಹೇಳಿ ವಿಡಿಯೊ ಕಳಿಸಿ. ಯಾವುದಾದರೂ ಒಂದು ತುಣುಕು ಉಳಿಸಿಕೊಳ್ಳಲೇಬೇಕು ಅನ್ನಿಸಿದರೆ ಅದನ್ನು ಬಿಡಿಸಿ ಹೇಳಿ ಅನುಮತಿ ಕೇಳಿ. ಒಪ್ಪಿದರೆ ನಿರೂಪಕರ ಬಾಯಲ್ಲಿ, ವಿಡಿಯೊದ ಕೆಳಗೆ ಅವರ ಹೆಸರು ಹೇಳಿಸಿ. ಬೇಡ ಅಂದರೆ, ಅಥವಾ ಉತ್ತರವೇ ಬರದಿದ್ದರೆ, ಆ ತುಣುಕನ್ನೂ ತೆಗೆದುಬಿಡಿ.